ಮೂರನೇ ತೂತಿಗೆ ತಂತಿ ಇದೆಯೇ? ಬನಹಟ್ಟಿಯ ಹಳೆ ಮನೆಗಳ ವೈರಿಂಗ್ ಕಥೆ

ಬನಹಟ್ಟಿಯ ಹಳೆ ಮನೆಗಳ ಗೋಡೆಯ ಮೇಲಿನ ಸ್ವಿಚ್ ಬೋರ್ಡ್ ನೋಡಿ. ಅದರಲ್ಲಿ ಮೂರು ತೂತಿನ ಒಂದು ಸಾಕೆಟ್ ಇರುತ್ತದೆ. ಕೆಳಗೆ ಸಣ್ಣವು ಎರಡು, ಮೇಲೆ ದೊಡ್ಡದು ಒಂದು. ಕೆಳಗಿನ ಎರಡಕ್ಕೂ ಹಿಂದಿನಿಂದ ತಂತಿ ಬಂದಿರುತ್ತದೆ. ಬಾರದಿದ್ದರೆ ಮೊಬೈಲ್ ಚಾರ್ಜ್ ಆಗುತ್ತಿರಲಿಲ್ಲ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ.

ಅಲ್ಲಿ ತಂತಿ ಇಲ್ಲದಿದ್ದರೂ ಮಿಕ್ಸರ್ ತಿರುಗುತ್ತದೆ, ಇಸ್ತ್ರಿ ಪೆಟ್ಟಿಗೆ ಕಾಯುತ್ತದೆ, ಫ್ರಿಜ್ಜು ತಂಪಾಗುತ್ತದೆ. ಹಾಗಾಗಿ ಅದನ್ನು ಯಾರೂ ಕೇಳುವುದಿಲ್ಲ. ಅದು ಇಲ್ಲ ಎಂದು ಗೊತ್ತಾಗುವುದು ಕೂಲರಿನ ತಗಡು ಮುಟ್ಟಿದಾಗ, ಒದ್ದೆ ಕೈಯಲ್ಲಿ ವಾಷಿಂಗ್ ಮಷಿನ್ನಿನ ಮುಚ್ಚಳ ತೆಗೆದಾಗ. ‘ಕೈ ಹಚ್ಚಿದ್ರ ಜುಮ್ ಅಂತೈತಿ’ ಎನ್ನುವ ಮಾತು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದಿನದ ಮಾತಾಗಿದೆ. ಚಪ್ಪಲಿ ಹಾಕಿಕೊಂಡು ಮುಟ್ಟು ಎಂದು ಸೊಸೆಗೆ ಹೇಳಿಕೊಟ್ಟು ಸುಮ್ಮನಾಗುತ್ತೇವೆ.

ಸಾಕೆಟ್ ಹಳೆಯದಾಯಿತು, ಹೊಸದು ಹಾಕಿಸೋಣ ಎಂದು ಹೊರಟರೆ ಅಂಗಡಿಯಲ್ಲಿ ಸಿಗುವುದು ಮೂರು ತೂತಿನದೇ, ಬಿಳಿ ಬಣ್ಣದ ಚೆಂದದ ಪ್ಲೇಟ್. ಅದನ್ನು ಕೂರಿಸಿದರೆ ಗೋಡೆ ಹೊಸದಾಗಿ ಕಾಣುತ್ತದೆ. ಗೋಡೆಯ ಒಳಗಿನ ತಂತಿ ಮಾತ್ರ ಅಜ್ಜನ ಕಾಲದ್ದೇ, ಮತ್ತು ಅದು ಎರಡೇ ಎಳೆ. ಹೀಗೇಕಾಯಿತು ಎಂದು ತಿಳಿಯಲು ಕರೆಂಟು ನಮ್ಮ ಮನೆಗಳಿಗೆ ಬಂದ ದಾರಿಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮೊದಲು ಬಂದದ್ದು ಬೆಳಕು

ಕರ್ನಾಟಕದಲ್ಲಿ ವಿದ್ಯುತ್ತಿನ ಕಥೆ ಶುರುವಾಗುವುದು ಗಣಿಯಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅದು ಮೈಸೂರು ಸಂಸ್ಥಾನದ ಮಾತು.

ನಮ್ಮ ಸೀಮೆಯ ದಾರಿ ಬೇರೆ. ಕೃಷ್ಣೆಯ ಈ ಬದಿಯ ಊರುಗಳನ್ನು ಜಮಖಂಡಿ, ಸಾಂಗ್ಲಿ, ಮುಧೋಳ ಸಂಸ್ಥಾನಗಳು ಹಂಚಿಕೊಂಡಿದ್ದವು. 1948ರಲ್ಲಿ ಆ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಸೇರಿದವು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯ ಜೊತೆ ನಾವೂ ಮೈಸೂರು ರಾಜ್ಯಕ್ಕೆ ಬಂದೆವು. ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯದ ಹೆಸರು 1973ರಲ್ಲಿ ಬದಲಾದ ಮೇಲೆ ಅದೇ ಕೆಇಬಿ ಆಯಿತು. 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ನಮ್ಮ ಭಾಗಕ್ಕೆ ಹೆಸ್ಕಾಂ ಬಂತು. ಆದರೂ ಇಂದಿಗೂ ಲೈನ್‌ಮನ್ ಬಂದರೆ ‘ಕೆಇಬಿಯವರು ಬಂದಾರ’ ಎಂದೇ ಹೇಳುತ್ತೇವೆ.

ಶರಾವತಿ ಯೋಜನೆಯ ಯಂತ್ರಗಳು 1964-65ರಲ್ಲಿ ತಿರುಗತೊಡಗಿದ ಮೇಲೆ ರಾಜ್ಯದ ಬಳಿ ದೂರದ ಊರುಗಳಿಗೂ ಕಳಿಸುವಷ್ಟು ಕರೆಂಟು ಇತ್ತು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಮಾಡಿತು. ಹಳ್ಳಿ ಹಳ್ಳಿಗೆ ಕಂಬ ನೆಟ್ಟರು. ಆಗ ಜನ ಕೇಳಿದ್ದು ಒಂದನ್ನೇ: ದೀಪ.

ನೇಕಾರನ ಮನೆಗೆ ದೀಪ ಎಂದರೆ ದುಡಿಮೆ. ಮಣ್ಣಿನ ಮಾಳಿಗೆ ಮನೆ, ದಪ್ಪ ಗೋಡೆ, ಮೇಲೆ ತೊಲೆ ಜಂತಿ, ಬೆಳಕು ಬರಲು ಒಂದು ಬೆಳಕಿಂಡಿ. ನೆಲದಲ್ಲಿ ಕುಣಿ ತೆಗೆದು ಕೂರಿಸಿದ ಮಗ್ಗ. ಹಾಸಿನ ಒಂದು ಎಳೆ ಕಡಿದರೆ ಕತ್ತಲೆಯಲ್ಲಿ ಹುಡುಕುವುದು ಕಷ್ಟ. ಮಗ್ಗದ ಮೇಲೆ ಒಂದು ಬಲ್ಬು ತೂಗಿದರೆ ಸಂಜೆಯ ಮೇಲೂ ಲಾಳಿ ಓಡುತ್ತದೆ. ಅಂಥ ಮನೆಗೆ ಬಂದ ವೈರಿಂಗು ಬಲ್ಬಿಗಾಗಿ ಬಂದದ್ದು. ಬಲ್ಬಿಗೆ ಬೇಕಾದದ್ದು ಎರಡೇ ತಂತಿ: ಕರೆಂಟು ಬರಲು ಫೇಸ್, ಮರಳಿ ಹೋಗಲು ನ್ಯೂಟ್ರಲ್. ಬಲ್ಬು ಗಾಜಿನದು, ನೆತ್ತಿಯ ಮೇಲೆ ತೂಗುವಂಥದ್ದು, ಅದನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಅರ್ಥಿಂಗ್ ಬೇಕೆಂದು ಯಾರಿಗೂ ಅನಿಸಲಿಲ್ಲ, ಆಗಿನ ಮಟ್ಟಿಗೆ ಅದು ತಪ್ಪೂ ಅಲ್ಲ.

ಮರದ ಪಟ್ಟಿಯ ಮೇಲಿನ ಎರಡು ಎಳೆ

ಆ ಕಾಲದ ವೈರಿಂಗು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಗೋಡೆಗೆ ಮರದ ಗೂಟ ಹೊಡೆದು, ಅದರ ಮೇಲೆ ಸಾಗವಾನಿ ಪಟ್ಟಿ ಬಡಿದು, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ತಂತಿ ಬಿಗಿದಿರುತ್ತಾರೆ. ತುದಿಯಲ್ಲಿ ಮರದ ದುಂಡು ಬ್ಲಾಕ್, ಅದರ ಮೇಲೆ ಕಪ್ಪು ಬೇಕಲೈಟಿನ ಸ್ವಿಚ್ಚು. ಮೀಟರಿನ ಪಕ್ಕದಲ್ಲಿ ಪಿಂಗಾಣಿಯ ಫ್ಯೂಜು.

ತೀರ ಹಳೆಯ ತಂತಿಗೆ ಹೊದಿಕೆ ರಬ್ಬರಿನದು. ರಬ್ಬರು ವರ್ಷಗಳು ಕಳೆದಂತೆ ಒಣಗಿ ಸೀಳುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಕಾದ ಮಾಳಿಗೆಯ ಕೆಳಗೆ ಅದು ಇನ್ನೂ ಬೇಗ ಪುಡಿಯಾಗುತ್ತದೆ. ಮುಂದೆ ಪಿವಿಸಿ ಹೊದಿಕೆಯ ತಂತಿ ಬಂತು. ಆ ನಡುವೆ ತಾಮ್ರ ತುಟ್ಟಿ ಎಂದು ಅಲ್ಯೂಮಿನಿಯಂ ಎಳೆಯ ತಂತಿಯನ್ನೂ ಮನೆಗಳಿಗೆ ಹಾಕಿದರು. ಅಲ್ಯೂಮಿನಿಯಂ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಸ್ಕ್ರೂ ಕೆಳಗೆ ಸಡಿಲಾಗುತ್ತದೆ, ಸಡಿಲಾದಲ್ಲಿ ಕಾಯುತ್ತದೆ.

ಈ ಹೊದಿಕೆ, ಈ ಲೋಹ ಯಾವುದೇ ಇರಲಿ, ಎಳೆಗಳು ಮಾತ್ರ ಎರಡೇ. ಕರೆಂಟಿನ ದರವೂ ಅದನ್ನೇ ಗಟ್ಟಿ ಮಾಡಿತು. ದೀಪಕ್ಕೆ ಒಂದು ದರ, ಹೀಟರು, ಒಲೆಗಳಿರುವ ಮನೆಗೆ ಇನ್ನೊಂದು ದರ. ಎ.ಇ.ಎಚ್. ಮನೆ, ಎಂದರೆ ಎಲ್ಲ ಕೆಲಸಕ್ಕೂ ಕರೆಂಟು ಬಳಸುವ ಮನೆ, ಎಂಬ ಮಾತು ಹಳೆ ಬಿಲ್ಲುಗಳನ್ನು ನೋಡಿದವರಿಗೆ ನೆನಪಿರುತ್ತದೆ. ಬರೀ ದೀಪದ ಸಂಪರ್ಕ ತೆಗೆದುಕೊಂಡ ಮನೆಯಲ್ಲಿ ದೊಡ್ಡ ಸಾಕೆಟ್ಟಿಗೆ ಜಾಗವೇ ಇರಲಿಲ್ಲ. ಬಡವರಿಗೆಂದು ಬಂದ ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕಗಳಂತೂ ಒಂದೇ ಬಲ್ಬಿನವು. ಹೆಸರೇ ಹೇಳುತ್ತದೆ: ಜ್ಯೋತಿ.

ಆದರೆ ಬಲ್ಬಿನ ಮನೆ ಬಲ್ಬಿಗೇ ನಿಲ್ಲಲಿಲ್ಲ. ಬಲ್ಬಿನ ಹೋಲ್ಡರಿಗೇ ಸಿಕ್ಕಿಸುವ ಅಡಾಪ್ಟರ್ ಸಿಗುತ್ತಿತ್ತು. ಅದರಿಂದ ರೇಡಿಯೊ ಹಾಡಿತು, ಟೇಬಲ್ ಫ್ಯಾನು ತಿರುಗಿತು, ಕೆಲವರ ಮನೆಯಲ್ಲಿ ಇಸ್ತ್ರಿಯೂ ಕಾದಿತು. ಬೆಳಕಿಗೆ ಬಂದ ಎರಡು ಎಳೆಯ ಮೇಲೆ ಭಾರ ಬೀಳತೊಡಗಿದ್ದು ಹೀಗೆ.

ಮೂರನೇ ಪಿನ್ನು ಉದ್ದ ಏಕೆ?

ನಮ್ಮ ದುಂಡು ಪಿನ್ನಿನ ಪ್ಲಗ್ಗು ಬ್ರಿಟಿಷರಿಂದ ಬಂದದ್ದು. ಅವರ ಬಿಎಸ್ 546 ಎಂಬ ಮಾನಕ 1934ರದು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನು ಚಪ್ಪಟೆ ಪಿನ್ನಿನ ಬೇರೆ ಪ್ಲಗ್ಗಿಗೆ ಹೋಯಿತು. ನಾವು ದುಂಡು ಪಿನ್ನನ್ನೇ ಉಳಿಸಿಕೊಂಡೆವು. ಹಿಂದೆ 5 ಆಂಪಿಯರ್, 15 ಆಂಪಿಯರ್ ಎಂದು ಕರೆಯುತ್ತಿದ್ದ ಸಣ್ಣದು, ದೊಡ್ಡದು ಈಗ ಐಎಸ್ 1293 ಎಂಬ ಭಾರತೀಯ ಮಾನಕದಲ್ಲಿ 6 ಮತ್ತು 16 ಆಂಪಿಯರ್ ಆಗಿವೆ.

ಮೂರು ಪಿನ್ನಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ದಪ್ಪ, ಉಳಿದೆರಡಕ್ಕಿಂತ ಉದ್ದ. ದಪ್ಪ ಇರುವುದರಿಂದ ಅದು ತಪ್ಪಿಯೂ ಫೇಸಿನ ತೂತಿಗೆ ಹೋಗದು. ಉದ್ದ ಇರುವುದರಿಂದ ಪ್ಲಗ್ಗು ಹಾಕುವಾಗ ಅದೇ ಮೊದಲು ಒಳಗೆ ತಾಗುತ್ತದೆ, ಕೀಳುವಾಗ ಅದೇ ಕೊನೆಗೆ ಬಿಡುತ್ತದೆ. ಮೊದಲು ಕಾವಲು, ಆಮೇಲೆ ಕರೆಂಟು. ಅಷ್ಟು ಯೋಚಿಸಿ ಮಾಡಿದ ಪಿನ್ನು ಅದು.

ಅದರ ಕೆಲಸವಿಷ್ಟು. ಇಸ್ತ್ರಿ ಪೆಟ್ಟಿಗೆಯ ಕಬ್ಬಿಣದ ಮೈಯನ್ನು ಆ ಪಿನ್ನು ಹಸಿರು ತಂತಿಯ ಮೂಲಕ ಭೂಮಿಗೆ ಜೋಡಿಸುತ್ತದೆ. ಒಳಗಿನ ಫೇಸ್ ತಂತಿ ಸುಲಿದು ಮೈಗೆ ತಾಗಿದರೆ ಕರೆಂಟು ಆ ತಂತಿಯಲ್ಲಿ ನೆಲಕ್ಕೆ ಹರಿಯುತ್ತದೆ. ಅರ್ಥಿಂಗ್ ಗಟ್ಟಿಯಿದ್ದರೆ ಹರಿವು ದೊಡ್ಡದಾಗಿ ಫ್ಯೂಜು ಹಾರುತ್ತದೆ. ಹಸಿರು ತಂತಿ ಇಲ್ಲದಿದ್ದರೆ ಪೆಟ್ಟಿಗೆಯ ಮೈಯೇ 230 ವೋಲ್ಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಯಾರಾದರೂ ಮುಟ್ಟುವ ತನಕ ಕಾಯುತ್ತದೆ. ಮುಟ್ಟಿದವರೇ ಆಗ ಭೂಮಿಗೆ ಹೋಗುವ ತಂತಿ.

ಮಗ್ಗಕ್ಕೆ ಎರಡು, ಅಡಿಗೆ ಮನೆಗೆ ಸೊನ್ನೆ

1956ರ ಭಾರತೀಯ ವಿದ್ಯುತ್ ನಿಯಮಾವಳಿ ಬಹುಕಾಲ ದೇಶದ ವಿದ್ಯುತ್ ಸುರಕ್ಷತೆಯ ಬುನಾದಿಯಾಗಿತ್ತು. ಅದರ 33ನೇ ನಿಯಮದ ಪ್ರಕಾರ ಕರೆಂಟು ಕೊಡುವವರು ಗ್ರಾಹಕನ ಮನೆಯಲ್ಲಿ, ಸಂಪರ್ಕ ಒಳಗೆ ಬರುವ ಜಾಗದ ಬಳಿ, ಭೂಮಿಗೆ ಜೋಡಿಸಿದ ಒಂದು ಟರ್ಮಿನಲ್ ಇಟ್ಟು ಕಾಪಾಡಬೇಕಿತ್ತು. ಕೈಗೆ ಸಿಗುವಂತೆ ಇಡಬೇಕು ಎಂದೂ ಇತ್ತು. ಅಲ್ಲಿಂದ ಒಳಗೆ ಹಸಿರು ತಂತಿ ಎಳೆದುಕೊಳ್ಳುವುದು ಮನೆಯವರ ಪಾಲು.

61ನೇ ನಿಯಮ ಇನ್ನೂ ಮುಖ್ಯ. 250 ವೋಲ್ಟಿಗಿಂತ ಮೇಲಿನ, ಎಂದರೆ ಮೂರು ಫೇಸಿನ, ಮೋಟರುಗಳ ಮೈಯನ್ನು ಒಂದಲ್ಲ, ಬೇರೆ ಬೇರೆಯಾದ ಎರಡು ಜೋಡಣೆಗಳಿಂದ ಭೂಮಿಗೆ ಸೇರಿಸಬೇಕು ಎಂದು ಅದು ಹೇಳಿತು. ಒಂದು ಕಡಿದರೂ ಇನ್ನೊಂದು ಇರಲಿ ಎಂಬ ಲೆಕ್ಕ.

ಇದನ್ನು ಬನಹಟ್ಟಿಯ ಮನೆಗೆ ಹಚ್ಚಿ ನೋಡಿ. ಕುಣಿ ಮಗ್ಗದ ಊರು ಕ್ರಮೇಣ ಪವರ್‌ಲೂಮಿನ ಊರಾಯಿತು. ಮಗ್ಗ ಕೂತಿದ್ದ ಪಡಸಾಲೆಯೇ ಎಷ್ಟೋ ಕಡೆ ಪವರ್‌ಲೂಮಿನ ಶೆಡ್ ಆಯಿತು. ಗೋಡೆಯ ಈ ಬದಿಗೆ ಮೂರು ಫೇಸಿನ ಮೋಟರು, ಅದಕ್ಕೆ ಬೇರೆ ಮೀಟರು, ಬೇರೆ ದರ, ಕಾಯ್ದೆಯ ಪ್ರಕಾರ ಎರಡು ಅರ್ಥಿಂಗ್. ಗೋಡೆಯ ಆ ಬದಿಗೆ ಅದೇ ಮನೆಯ ಅಡಿಗೆ ಮನೆ, ಅಲ್ಲಿ ಅಜ್ಜನ ಕಾಲದ ಬಲ್ಬಿನ ತಂತಿ, ಅರ್ಥಿಂಗ್ ಇಲ್ಲ. ಮಗ್ಗದ ಮೋಟರಿಗೆ ಸಿಕ್ಕ ಕಾವಲು ಮಿಕ್ಸರಿನ ಮುಂದೆ ಕೂತವಳಿಗೆ ಸಿಗಲಿಲ್ಲ. ಕಾರಣ ಇಷ್ಟೇ. ಮೋಟರಿಗೆ ಹೊಸ ಸಂಪರ್ಕ, ಹೊಸ ಅರ್ಜಿ, ಹೊಸ ತಪಾಸಣೆ ಬೇಕಾಯಿತು. ಮಿಕ್ಸರು ಮಾತ್ರ ಯಾರನ್ನೂ ಕೇಳದೆ ಮನೆಯೊಳಗೆ ಬಂತು.

ಮಿಕ್ಸರಿನ ಹಿಂದೆಯೇ ಟಿವಿ ಬಂತು, ಕೂಲರು ಬಂತು, ಫ್ರಿಜ್ಜು, ಬೋರಿನ ನೀರು ಏರಿಸುವ ಸಣ್ಣ ಪಂಪು, ನೀರು ಕಾಯಿಸುವ ಕಾಯಿಲ್ ಬಂದವು. ಹೆಚ್ಚಿನವುಗಳ ತುದಿಗೆ ಮೂರು ಪಿನ್ನು. ಗೋಡೆಯಲ್ಲಿ ಎರಡು ತೂತು. ಕೆಲವರು ಮೇಲಿನ ಪಿನ್ನನ್ನೇ ಮುರಿದರು. ಕೆಲವರು ಪ್ಲಗ್ಗು ಕತ್ತರಿಸಿ ಬರೀ ತಂತಿಯನ್ನು ಕಡ್ಡಿಯಿಂದ ತೂತಿಗೆ ಸಿಕ್ಕಿಸಿದರು. ತುಸು ಅನುಕೂಲ ಇದ್ದವರು ಸಾಕೆಟ್ಟನ್ನೇ ಬದಲಿಸಿ ಮೂರು ತೂತಿನದು ಹಾಕಿಸಿದರು, ಹಿಂದೆ ಎರಡೇ ತಂತಿ ಜೋಡಿಸಿ. ಮೂರು ತರದವರಿಗೂ ಸಿಕ್ಕಿದ್ದು ಒಂದೇ ಫಲ. ಮೂರನೆಯವರಿಗೆ ಮಾತ್ರ ತಮಗೆ ಕಾವಲಿದೆ ಎಂಬ ಸುಳ್ಳು ನಂಬಿಕೆ ಬೇರೆ.

61ನೇ ನಿಯಮದಲ್ಲೇ ಇದಕ್ಕೆ ಉತ್ತರವಿತ್ತು. ಹೊಸದಾಗಿ ಮಾಡಿದ ಅಥವಾ ನವೀಕರಿಸಿದ ವೈರಿಂಗಿನಲ್ಲಿ ಎಲ್ಲ ಸಾಕೆಟ್ಟುಗಳೂ ಮೂರು ಪಿನ್ನಿನವೇ ಆಗಿರಬೇಕು, ಮೂರನೇ ಪಿನ್ನು ಕಾಯಂ ಆಗಿ, ಸರಿಯಾಗಿ ಭೂಮಿಗೆ ಜೋಡಿಸಿರಬೇಕು ಎಂದು ಅದು ಹೇಳುತ್ತಿತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮಗಳನ್ನು ತಂದಾಗಲೂ ಈ ಮಾತು ಉಳಿಯಿತು. ಹಳೆಯ ಮನೆಗೆ ಸಿಕ್ಕ ವಿನಾಯಿತಿ ಅದನ್ನು ಮುಟ್ಟದೆ ಇದ್ದಷ್ಟು ದಿನ ಮಾತ್ರ. ನವೀಕರಣಕ್ಕೆ ಕೈ ಹಾಕಿದ ದಿನ ಮೂರನೇ ತಂತಿಯೂ ಬರಬೇಕು. ಕಾಯ್ದೆ ಕೇಳಿದ್ದು ತಂತಿ. ಪೇಟೆಯಿಂದ ನಮ್ಮ ಗೋಡೆಗೆ ಬಂದದ್ದು ತೂತು.

ಇದ್ದ ಅರ್ಥಿಂಗೂ ಹೋಯಿತು

ಕೆಲವು ಮನೆಗಳಲ್ಲಿ ಹಿಂದೆ ಅರ್ಥಿಂಗ್ ಇತ್ತು, ಈಗ ಇಲ್ಲ. ನಲ್ಲಿಯ ಕಬ್ಬಿಣದ ಕೊಳವೆಗೆ ಒಂದು ತಂತಿ ಸುತ್ತಿ ಅದನ್ನೇ ಅರ್ಥಿಂಗ್ ಎನ್ನುವ ರೂಢಿ ಬಹಳ ಕಡೆ ಇತ್ತು. ಕೊಳವೆ ನೆಲದಡಿ ದೂರದ ತನಕ ಹೋಗುತ್ತಿದ್ದುದರಿಂದ ಅದು ಹೇಗೋ ಕೆಲಸ ಮಾಡುತ್ತಿತ್ತು. ಆಮೇಲೆ ಕಬ್ಬಿಣ ತುಕ್ಕು ಹಿಡಿದು ಪ್ಲಾಸ್ಟಿಕ್ ಕೊಳವೆ ಬಂತು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಪ್ಲಂಬರು ಕೊಳವೆ ಬದಲಿಸಿದ ದಿನ ಮನೆಯ ಅರ್ಥಿಂಗ್ ಸದ್ದಿಲ್ಲದೆ ಹೋಯಿತು. ಸಾಕೆಟ್ಟಿನ ಹಿಂದೆ ಹಸಿರು ತಂತಿ ಕಾಣುತ್ತದೆ, ಅದರ ಇನ್ನೊಂದು ತುದಿ ಎಲ್ಲಿಯೂ ಇಲ್ಲ. ಕೊಳವೆ ಉಳಿದ ಮನೆಯಲ್ಲೂ ಈ ರೂಢಿ ಒಳ್ಳೆಯದಲ್ಲ. ಒಂದು ಮನೆಯ ದೋಷ ನಲ್ಲಿ ಹಿಡಿದ ಇನ್ನೊಂದು ಮನೆಯವರಿಗೆ ಹೊಡೆದೀತು.

ಎರಡನೆಯದು ನಮ್ಮ ಎರಿ ಮಣ್ಣು. ಹಸಿ ಇದ್ದಾಗ ಎರಿ ಮಣ್ಣಿನಷ್ಟು ಒಳ್ಳೆಯ ಅರ್ಥಿಂಗ್ ನೆಲ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಗುಂಡಿಯಲ್ಲಿ ಇದ್ದಲು, ಉಪ್ಪು ಪದರ ಪದರವಾಗಿ ತುಂಬಿ ಮೇಲೆ ನೀರು ಹಾಕಲು ಒಂದು ಬಾಯಿ ಬಿಡುವುದು ಇದೇ ಕಾರಣಕ್ಕೆ. ನೀರು ಹಾಕುವುದನ್ನು ಮರೆತರೆ ಏಪ್ರಿಲ್, ಮೇ ತಿಂಗಳಲ್ಲಿ, ಕೂಲರು ಹಗಲಿರುಳು ಓಡುವ ಹೊತ್ತಿಗೇ ಅರ್ಥಿಂಗ್ ಸೋಲುತ್ತದೆ.

ಮೂರನೆಯದು ಹೊಳೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ತಾಲೂಕುಗಳ ನದಿ ಪಕ್ಕದ ಊರುಗಳಿಗೆ ನೀರು ನುಗ್ಗಿತು. ಮಣ್ಣಿನ ಗೋಡೆ ನೀರು ಕುಡಿದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಬಹುಕಾಲ ಹಸಿ ಇರುತ್ತದೆ. ಮರದ ಪಟ್ಟಿ, ಮರದ ಬ್ಲಾಕು ಸಹ ಹಾಗೆಯೇ. ಬೋರ್ಡಿನೊಳಗೆ ಕೆಸರು ಕೂತಿರುತ್ತದೆ. ನೆರೆ ಬಂದುಹೋದ ಮನೆಯಲ್ಲಿ ಮುಳುಗಿದ ಸಾಕೆಟ್ಟನ್ನು ಒರೆಸಿ ಮತ್ತೆ ಬಳಸಬಾರದು. ತೆಗೆದು ಹೊಸದು ಹಾಕಬೇಕು, ತಂತಿಯ ಹೊದಿಕೆಯನ್ನು ಮೆಗ್ಗರ್ ಯಂತ್ರದಿಂದ ಪರೀಕ್ಷಿಸಿದ ಮೇಲೆಯೇ ಕರೆಂಟು ಬಿಡಬೇಕು.

ಫ್ಯೂಜು ಕಾಯುವುದು ತಂತಿಯನ್ನು

‘ನಮ್ಮ ಮನ್ಯಾಗ ಫ್ಯೂಜ್ ಐತಿ, ಏನೂ ಆಗೂದಿಲ್ಲ’ ಎನ್ನುವವರಿದ್ದಾರೆ. ಲೆಕ್ಕ ಮಾಡಿ ನೋಡೋಣ. ಮನುಷ್ಯನ ಮೈಯ ತಡೆ ಸುಮಾರು 1,000 ಓಮ್ ಎಂದು ಹಿಡಿಯಿರಿ. 230 ವೋಲ್ಟು ಅದರಲ್ಲಿ ಹರಿಸುವ ಕರೆಂಟು 0.23 ಆಂಪಿಯರ್. ನಿಮ್ಮ ಫ್ಯೂಜು ಕರಗಲು 5 ಆಂಪಿಯರಿಗೂ ಹೆಚ್ಚು ಬೇಕು. ಜೀವ ಹೋಗುವಷ್ಟು ಕರೆಂಟು ಮೈಯಲ್ಲಿ ಹರಿದರೂ ಫ್ಯೂಜಿಗೆ ಅದು ಒಂದು ಬಲ್ಬು ಹತ್ತಿದಂತೆ. ಎಂಸಿಬಿಯೂ ಅಷ್ಟೇ. ಇವೆರಡೂ ತಂತಿ ಸುಡದಂತೆ ಕಾಯುತ್ತವೆ.

ಅರ್ಥಿಂಗ್ ಇದ್ದರೂ ಅದು ದುರ್ಬಲವಾಗಿದ್ದರೆ ಸಾಲದು. ಅರ್ಥ್ ದಾರಿಯ ತಡೆ 20 ಓಮ್ ಇದ್ದರೆ ಹರಿಯುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ.

ಮನುಷ್ಯನನ್ನು ಕಾಯುವ ಸಾಧನ ಬಂದದ್ದು 1950ರ ದಶಕದಲ್ಲಿ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಜನ ಶಾಕ್ ಹೊಡೆದು ಸಾಯುವುದನ್ನು ತಡೆಯಲು ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಇಂಥ ಸಾಧನ ರೂಪಿಸಿದರು. ಮನುಷ್ಯನ ಮೈ ಎಷ್ಟು ಕರೆಂಟು ತಾಳುತ್ತದೆ ಎಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಝಿಯಲ್ 1961ರಲ್ಲಿ ಅಮೆರಿಕದಲ್ಲಿ ಇದೇ ಬಗೆಯದೊಂದನ್ನು ತಂದರು.

ನಮ್ಮಲ್ಲಿ ಅದರ ಹೆಸರು ಆರ್‌ಸಿಸಿಬಿ. ಅದು ಮಾಡುವುದು ಸರಳ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ಮರಳಿ ಬಂತೇ? ಬರಲಿಲ್ಲ ಎಂದರೆ ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈಯ ಮೂಲಕ. ಮನೆಗೆ ಹಾಕುವ 30 ಮಿಲಿಆಂಪಿಯರಿನದು, ಎಂದರೆ 0.03 ಆಂಪಿಯರ್ ಸೋರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ.

ಹಳೆ ಮನೆಯವರು ಗಮನಿಸಬೇಕಾದ ಮಾತು ಇಲ್ಲಿದೆ: ಈ ಲೆಕ್ಕಕ್ಕೆ ಮೂರನೇ ತಂತಿ ಬೇಕಿಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಅದು ಜೀವ ಉಳಿಸಬಲ್ಲದು. ಅಮೆರಿಕದಲ್ಲಿ 1960ರ ದಶಕದಿಂದ ಹೊಸ ಮನೆಗೆ ಅರ್ಥಿಂಗ್ ಇರುವ ಸಾಕೆಟ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಮನೆಗಳಲ್ಲಿ ಇಂಥ ಸಾಧನದ ರಕ್ಷಣೆಯಲ್ಲಿ ಮೂರು ತೂತಿನ ಸಾಕೆಟ್ ಹಾಕಲು ಅಲ್ಲಿನ ನಿಯಮ ಬಿಡುತ್ತದೆ, ಆದರೆ ‘ಇಲ್ಲಿ ಅರ್ಥಿಂಗ್ ಇಲ್ಲ’ ಎಂಬ ಚೀಟಿ ಅದರ ಮೇಲೆ ಅಂಟಿಸಲೇಬೇಕು. ನಮ್ಮ ನಿಯಮ ಆ ಸಡಿಲಿಕೆ ಕೊಟ್ಟಿಲ್ಲ. ಆದರೂ ಚೀಟಿಯ ಬುದ್ಧಿ ನಾವು ಕಲಿಯಬೇಕಾದದ್ದು.

ಎರಡಕ್ಕೂ ವ್ಯತ್ಯಾಸ ಇದೆ. ಅರ್ಥಿಂಗೂ ಆರ್‌ಸಿಸಿಬಿಯೂ ಇದ್ದರೆ ತಂತಿ ಮೈಗೆ ತಾಗಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಕರೆಂಟು ಕಡಿಯುತ್ತದೆ. ಬರೀ ಆರ್‌ಸಿಸಿಬಿ ಇದ್ದರೆ ಯಾರಾದರೂ ಮುಟ್ಟಿದ ಮೇಲೆ ಕಡಿಯುತ್ತದೆ. ಒಂದು ಪೆಟ್ಟು ಬಿದ್ದೇ ಬೀಳುತ್ತದೆ, ಸಾವು ತಪ್ಪುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದಕ್ಕೂ ತಿಳಿಯುವುದಿಲ್ಲ.

ಸಾಕೆಟ್ ಬದಲಿಸುವ ಮುನ್ನ

ಮೊದಲನೆಯದಾಗಿ, ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಹಳೆ ತಂತಿ ಕೈ ಹಚ್ಚಿದರೆ ಹೊದಿಕೆ ಉದುರುತ್ತದೆ. ಅವರು ಬಂದಾಗ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರಲಿ.

ಕೇಳಬೇಕಾದ ಮೊದಲ ಪ್ರಶ್ನೆ: ಬೋರ್ಡಿನ ಹಿಂದೆ ಎಷ್ಟು ತಂತಿ ಇವೆ? ಎರಡಿದ್ದರೆ ಹೊಸ ಸಾಕೆಟ್ಟಿನ ಜೊತೆ ಹಸಿರು ತಂತಿಯೂ ಬರಬೇಕು. ಮಣ್ಣಿನ ಗೋಡೆ ಕೊರೆಯುವ ಅಗತ್ಯವಿಲ್ಲ. ಗೋಡೆಯ ಮೇಲೆಯೇ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹಚ್ಚಿ ಮೀಟರ್ ಬೋರ್ಡಿನಿಂದ ತಂತಿ ತರಬಹುದು. ಎಲ್ಲ ಕೋಣೆಗೂ ಒಮ್ಮೆಗೇ ಆಗದಿದ್ದರೆ ಅಡಿಗೆ ಮನೆ ಮತ್ತು ಬಚ್ಚಲಿನಿಂದ ಶುರು ಮಾಡಿಸಿ. ನೀರು, ಕರೆಂಟು ಸೇರುವ ಜಾಗ ಅವು.

ಎರಡನೆಯ ಪ್ರಶ್ನೆ: ಆ ಹಸಿರು ತಂತಿಯ ಇನ್ನೊಂದು ತುದಿ ಎಲ್ಲಿದೆ? ಗುಂಡಿಯನ್ನು ಕಣ್ಣಾರೆ ನೋಡಿ. ಅರ್ಥ್ ಟೆಸ್ಟರಿನಿಂದ ಎಷ್ಟು ಓಮ್ ಎಂದು ಅಳೆಸಿ. ಪಕ್ಕದ ಶೆಡ್ಡಿನಲ್ಲಿ ಮಗ್ಗಕ್ಕೆಂದು ಮಾಡಿದ ಅರ್ಥಿಂಗ್ ಇದ್ದರೆ ಅದರ ಸ್ಥಿತಿಯನ್ನೂ ಅಂದೇ ನೋಡಿಸಿ.

ಮೂರನೆಯದು ಎಚ್ಚರಿಕೆ. ಹಸಿರು ತಂತಿ ಇಲ್ಲದಾಗ ಸಾಕೆಟ್ಟಿನೊಳಗೇ ನ್ಯೂಟ್ರಲಿನಿಂದ ಒಂದು ತುಂಡು ತಂತಿ ಎಳೆದು ಮೇಲಿನ ತೂತಿಗೆ ಜೋಡಿಸಿ ‘ಅರ್ಥಿಂಗ್ ಆತು’ ಎನ್ನುವವರಿದ್ದಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ, ಫ್ಯೂಜಿನಲ್ಲಿ ಸಡಿಲಾದರೆ, ಮನೆಯ ಪ್ರತಿಯೊಂದು ಕಬ್ಬಿಣದ ಮೈಗೂ ಕರೆಂಟು ಬರುತ್ತದೆ. ಏನೂ ಕೆಡದ ಫ್ರಿಜ್ಜು ಸಹ ಹೊಡೆಯುತ್ತದೆ. ಮೂರು ದೀಪದ ಸಾಕೆಟ್ ಟೆಸ್ಟರ್ ಹಾಕಿದರೆ ಅದು ಇದನ್ನು ‘ಸರಿ ಇದೆ’ ಎಂದೇ ತೋರಿಸುತ್ತದೆ. ಬೋರ್ಡು ಬಿಚ್ಚಿ ನೋಡುವುದೊಂದೇ ದಾರಿ.

ನಾಲ್ಕನೆಯದು ತಂತಿಯ ದಪ್ಪ. ಬಲ್ಬಿನ ತಂತಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ ಹಾಕಿದರೆ ಗೀಸರಿನ ಭಾರಕ್ಕೆ ಗೋಡೆಯೊಳಗೆ ಕಾಯುತ್ತದೆ. ದೊಡ್ಡ ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ತಾಮ್ರದ ತಂತಿ ಬರಬೇಕು, ಕನಿಷ್ಠ 2.5 ಚದರ ಮಿಲಿಮೀಟರಿನದು, ಗೀಸರಿಗಾದರೆ 4. ಸಾಕೆಟ್ಟಿಗೂ ತಂತಿಗೂ ಐಎಸ್ಐ ಗುರುತು ನೋಡಿ. ನಮ್ಮ ಎದುರಿಗೆ ನಿಂತು ನೋಡಿದಾಗ ಬಲಗಡೆಯ ತೂತು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು, ಸ್ವಿಚ್ಚು ಫೇಸಿನ ಮೇಲೆಯೇ ಇರಬೇಕು.

ಐದನೆಯದು ಆರ್‌ಸಿಸಿಬಿ. ಅರ್ಥಿಂಗ್ ಇರಲಿ ಬಿಡಲಿ, ಮೀಟರಿನ ಮುಂದೆ 30 ಮಿಲಿಆಂಪಿಯರಿನದು ಒಂದು, ಜೊತೆಗೆ ಎಂಸಿಬಿ ಹಾಕಿಸಿ. ಹಳೆ ವೈರಿಂಗಿನಲ್ಲಿ ಮಳೆಗಾಲದಲ್ಲಿ ಅದು ಪದೇ ಪದೇ ಬೀಳಬಹುದು. ‘ಇದರ ಕಾಟ ಸಾಕು’ ಎಂದು ಕಿತ್ತು ಹಾಕಬೇಡಿ. ಒದ್ದೆ ಗೋಡೆಯಲ್ಲಿ ಕರೆಂಟು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಎರಡು ಲೈನಿನ ನ್ಯೂಟ್ರಲ್ ಕಲೆತಿದ್ದರೂ ಬೀಳುತ್ತದೆ, ಅದನ್ನು ಬಿಡಿಸಬಹುದು. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಕರೆಂಟು ಹೋದರೆ ಸಾಧನ ಸರಿ ಇದೆ.

ಅಲ್ಲಿಯ ತನಕ

ಎಲ್ಲರಿಗೂ ಇಷ್ಟು ಕೆಲಸ ಇವತ್ತೇ ಮಾಡಿಸಲಾಗದು. ಬಾಡಿಗೆ ಮನೆ ಇರಬಹುದು, ಮಗ್ಗಕ್ಕೆ ಕೆಲಸ ಇಲ್ಲದ ತಿಂಗಳು ಇರಬಹುದು. ಹಾಗಿದ್ದರೆ ಅರ್ಥಿಂಗ್ ಇಲ್ಲದ ಹಳೆ ಸಾಕೆಟ್ಟನ್ನು ಹಾಗೇ ಬಿಟ್ಟು, ಅದಕ್ಕೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಚೌಕದೊಳಗೊಂದು ಚೌಕದ ಗುರುತು ಇರುವ ಎರಡು ಪಿನ್ನಿನ ಸಾಮಾನುಗಳು, ಮೊಬೈಲ್ ಚಾರ್ಜರಿನಂಥವು, ಎರಡು ಪದರದ ಹೊದಿಕೆಯವು. ಅವುಗಳಿಗೆ ಮೂರನೇ ತಂತಿ ಬೇಕಿಲ್ಲ. ಇಸ್ತ್ರಿ ಪೆಟ್ಟಿಗೆ, ತಗಡಿನ ಕೂಲರು, ಫ್ರಿಜ್ಜು, ವಾಷಿಂಗ್ ಮಷಿನ್ನು, ಗ್ರೈಂಡರು, ಗೀಸರು, ನೀರಿನ ಪಂಪು, ಇವು ಯಾವುವೂ ಆ ಸಾಕೆಟ್ಟಿಗೆ ಬೇಡ. ಮೇಲೆ ಒಂದು ಚೀಟಿ ಅಂಟಿಸಿ: ಅರ್ಥಿಂಗ್ ಇಲ್ಲ.

2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ತನಕ ಬಿಲ್ಲು ಇಲ್ಲ. ಆ ಹೆಸರಿನಲ್ಲೂ ಜ್ಯೋತಿಯೇ ಇದೆ, ಆದರೆ ಇಂದಿನ ಮನೆಗೆ ಕರೆಂಟು ಬರುವುದು ಬೆಳಕಿಗಷ್ಟೇ ಅಲ್ಲ. ಬಿಲ್ಲು ಉಳಿದ ಮನೆಗಳಲ್ಲಿ ಕೆಲವು ತಿಂಗಳ ಆ ಹಣವನ್ನು ಒಂದು ಆರ್‌ಸಿಸಿಬಿಗೆ, ಅಡಿಗೆ ಮನೆಯ ತನಕ ಒಂದು ಹಸಿರು ತಂತಿಗೆ ತೆಗೆದಿಡಬಹುದು. ಮಗ್ಗದ ಮೋಟರಿಗೆ ಎರಡು ಅರ್ಥಿಂಗ್ ಬೇಕೆಂದು ಕಾಯ್ದೆ ಹೇಳಿ 60 ವರ್ಷಗಳ ಮೇಲಾಯಿತು. ಕಂಡಿಕಿ ಸುತ್ತುವ, ರೊಟ್ಟಿ ಬಡಿಯುವ, ಬಟ್ಟೆ ಒಗೆಯುವ ಕೈಗಳಿಗೆ ಒಂದಾದರೂ ಬೇಕು.